ಬಾಲವಿಲ್ಲದ ತೊರಕೆಯ ಗುರುತು ಹಿಡಿದದ್ದು

ತೊರಕೆ ಅಂದರೆ ಚಪ್ಪಟೆ ಮೈಯ, ಬಾಲದಲ್ಲಿ ಮುಳ್ಳಿರುವ ಮೀನು, ಇಂಗ್ಲಿಷಿನಲ್ಲಿ ಸ್ಟಿಂಗ್‌ರೇ. ಮಂಗಳೂರಿನ ಮೀನುಗಾರಿಕೆ ಬಂದರಾದ ಧಕ್ಕೆಯಲ್ಲಿ ತೊರಕೆಗಳ ಪ್ರಭೇದ ಬರೆದಿಡುವ ಕೆಲಸಕ್ಕೆ ಇಳಿದಾಗ ಮೊದಲ ತೊಡಕು ಬಾಲದ್ದೇ. ಪುಸ್ತಕ ತೆರೆದರೆ ಬಾಲ ನೋಡಿ, ಬಾಲ ಅಳೆಯಿರಿ ಅಂತಲೇ ಇರುತ್ತದೆ. ಧಕ್ಕೆಗೆ ಬರುವ ಎಷ್ಟೋ ಮೀನಿಗೆ ಬಾಲವೇ ಇರುವುದಿಲ್ಲ. ಬಲೆ ಎಳೆದ ಕೂಡಲೇ ಬೋಟಿನಲ್ಲೇ ಕಡಿದು ಸಮುದ್ರಕ್ಕೆ ಎಸೆದಿರುತ್ತಾರೆ. ಅವರದ್ದೇನೂ ತಪ್ಪಿಲ್ಲ. ಬಾಲದ ಮುಳ್ಳಿಗೆ ಎರಡೂ ಅಂಚಿನಲ್ಲಿ ಗರಗಸದ ಹಲ್ಲು, ಅಡಿಯ ಗೀರುಗಳಲ್ಲಿ ವಿಷ. ಚುಚ್ಚಿದರೆ, ತಡೆದುಕೊಳ್ಳಬಹುದಾದಷ್ಟು ಬಿಸಿ ನೀರಿನಲ್ಲಿ ಕೈಕಾಲು ಇಟ್ಟರೆ ನೋವು ಇಳಿಯುತ್ತದೆ, ಆ ವಿಷ ಬಿಸಿಗೆ ಕೆಡುತ್ತದೆ. ಆದರೂ ಆಸ್ಪತ್ರೆಗೆ ಹೋಗಲೇಬೇಕು.

ನಾನು ಹೆಚ್ಚು ನೋಡಿದ್ದು ಬಿಳಿಚುಕ್ಕೆ ತೊರಕೆಯನ್ನು. ವೈಜ್ಞಾನಿಕ ಹೆಸರು ಮ್ಯಾಕ್ಯುಲಾಬಾಟಿಸ್ ಜೆರಾರ್ಡಿ, ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. 1851ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಇದನ್ನು ಟ್ರೈಗಾನ್ ಕುಲಕ್ಕೆ ಸೇರಿಸಿದ್ದ. ಆಮೇಲೆ ಬಹಳ ಕಾಲ ಹಿಮಾಂಟುರಾ ಆಗಿತ್ತು. 2016ರಲ್ಲಿ ಈ ತೊರಕೆ ಸೇರಿರುವ ಡ್ಯಾಸಿಯಾಟಿಡೇ ಕುಟುಂಬವನ್ನೇ ಹೊಸದಾಗಿ ವಿಂಗಡಿಸಿದರು, ಆಗ ಈಗಿನ ಹೆಸರು ಬಂತು. ಹಾಗಾಗಿ ಹಳೆಯ ಪಟ್ಟಿಗಳಲ್ಲಿ ಹಿಮಾಂಟುರಾ ಜೆರಾರ್ಡಿ ಅಂತ ಕಂಡರೆ ಬೇರೆ ಮೀನು ಅಂದುಕೊಳ್ಳಬೇಡಿ.

ಬಾಲ ಇದ್ದಿದ್ದರೆ ಕೆಲಸ ಸುಲಭ. ಚಾಟಿಯಂತೆ ಉದ್ದ, ಕಪ್ಪು ಬಿಳಿ ಪಟ್ಟೆ, ಕೆಳಗೆ ಚರ್ಮದ ಮಡಿಕೆ ಇಲ್ಲ. ಬಾಲ ಹೋಗಿದ್ದರೆ ನಾನು ಮೊದಲು ತಟ್ಟೆಯ, ಅಂದರೆ ಚಪ್ಪಟೆ ಮೈಯ, ಹಿಂಭಾಗ ತೊಳೆಯುತ್ತೇನೆ. ಲೋಳೆ ಮತ್ತು ಮಣ್ಣಿನಡಿ ಚುಕ್ಕೆ ಕಾಣುವುದೇ ಇಲ್ಲ. ಕೆಲವು ಮೀನಿಗೆ ಬೆನ್ನಿಡೀ ಚುಕ್ಕೆ ಇರುತ್ತದೆ, ಕೆಲವಕ್ಕೆ ಬಾಲದ ಬುಡದ ಹತ್ತಿರ ಮಾತ್ರ. ಆ ಬುಡದ ತುಂಡು ಒಂದಿಷ್ಟು ಉಳಿದಿದ್ದರೆ ಮಡಿಕೆ ಇದೆಯೋ ಇಲ್ಲವೋ ಬೆರಳಾಡಿಸಿ ನೋಡುತ್ತೇನೆ. ನಡುಬೆನ್ನ ಒರಟು ಹುರುಪೆಗಳ ಪಟ್ಟಿಯನ್ನೂ ಮುಟ್ಟಿ ನೋಡಬೇಕು. ಒಟ್ಟು ಉದ್ದ ಅಳೆದು ಪ್ರಯೋಜನವಿಲ್ಲ ಅಲ್ವಾ, ಅದಕ್ಕೇ ತಟ್ಟೆಯ ಅಗಲ ಬರೆಯುತ್ತೇನೆ. ಈ ಪ್ರಭೇದ ಒಂದು ಮೀಟರ್ ಅಗಲವನ್ನೂ ದಾಟಿ ಬೆಳೆಯುತ್ತದೆ.

ಗಂಡೋ ಹೆಣ್ಣೋ ಅನ್ನುವುದಕ್ಕೆ ಮಗುಚಿದರೆ ಸಾಕು. ಗಂಡಿಗೆ ಹಿಂದಿನ ರೆಕ್ಕೆಗಳ ಪಕ್ಕ ಎರಡು ಕಡ್ಡಿಯಂಥ ಅಂಗ. ಅವು ಗಟ್ಟಿಯಾಗಿದ್ದರೆ ಪ್ರಾಯಕ್ಕೆ ಬಂದಿದೆ ಎಂದರ್ಥ. ಬಾಯಿ, ಐದು ಜೊತೆ ಕಿವಿರಿನ ಸೀಳು ಎಲ್ಲ ಹೊಟ್ಟೆಯ ಕಡೆಗೇ.

ಮೀನು ಕತ್ತರಿಸುವ ಹೆಂಗಸರು ಕರುಳು ತೆಗೆಯುವಾಗ ಪಕ್ಕದಲ್ಲೇ ನಿಲ್ಲುವುದು ನನ್ನ ರೂಢಿ. ಹೊಟ್ಟೆಯಲ್ಲಿ ಏಡಿ, ಸಿಗಡಿಯ ಚೂರು. ಕೆಲವೊಮ್ಮೆ ಮರಿ. ತೊರಕೆ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಗರ್ಭಕೋಶದ ಒಳಗೋಡೆಯ ಎಳೆಗಳಿಂದ ಹಾಲಿನಂಥ ದ್ರವ ಜಿನುಗುತ್ತದೆ, ಮರಿ ಅದನ್ನು ಕುಡಿದು ಬೆಳೆಯುತ್ತದೆ. ಒಂದು ಸಲಕ್ಕೆ ಕೆಲವೇ ಮರಿ. ಬಂಗುಡೆ, ಬೂತಾಯಿಯಂತೆ ಲೆಕ್ಕವಿಲ್ಲದಷ್ಟು ಮೊಟ್ಟೆ ಸುರಿಸುವ ಮೀನಲ್ಲ ಇದು. ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಚುಕ್ಕೆಯೂ ಇಲ್ಲ, ಬಾಲವೂ ಇಲ್ಲ ಅಂದರೆ ಕಷ್ಟ. ಅರಬ್ಬೀ ಸಮುದ್ರದಿಂದ 2016ರಲ್ಲೇ ಹೆಸರಿಸಿದ, ಇದೇ ಕುಲದ ಇನ್ನೊಂದು ಪ್ರಭೇದ ಮ್ಯಾಕ್ಯುಲಾಬಾಟಿಸ್ ಅರೇಬಿಕಾಕ್ಕೆ ಚುಕ್ಕೆಯೇ ಇಲ್ಲ. ಅಂಥದ್ದು ಸಿಕ್ಕರೆ ಚೂರು ಮಾಂಸವನ್ನು ಆಲ್ಕೋಹಾಲಿನಲ್ಲಿ ಡಿಎನ್‌ಎ ಪರೀಕ್ಷೆಗೆ ಇಡುತ್ತೇನೆ. ಫಲಿತಾಂಶ ಬರುವವರೆಗೆ ಪುಸ್ತಕದಲ್ಲಿ ಕುಲದ ಹೆಸರು ಮಾತ್ರ, ಮುಂದಿನ ಜಾಗ ಖಾಲಿ.