ಮೂಳೆ ಮುರಿದು ಮಲಗಿದವರ ತೂಕ: ತೂಗುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಕೊನೆ (ಗೊನೆ) ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದವರು, ಹೆದ್ದಾರಿ 66ರಲ್ಲಿ ಬೈಕಿನಿಂದ ಉರುಳಿ ತೊಡೆಮೂಳೆ ಮುರಿದುಕೊಂಡವರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಒಯ್ದು ಆಪರೇಷನ್ ಮಾಡಿಸಿ ಮನೆಗೆ ಕರೆತಂದ ಮೇಲೆ ಮುಂದಿನ ಎರಡು ಮೂರು ತಿಂಗಳ ಆರೈಕೆ ಮನೆಯವರ ಪಾಲಿಗೆ. ತಪ್ಪಾಗುವುದು ಅಲ್ಲಿಯೇ. ಸಪೂರ ಇದ್ದವರಿಗೆ ಪಥ್ಯವೆಂದು ಗಂಜಿ, ಉಪ್ಪಿನಕಾಯಿ. ದಪ್ಪ ಇದ್ದವರಿಗೆ ‘ಈ ನೆಪದಲ್ಲಾದರೂ ಮೈ ಇಳಿಯಲಿ’ ಎಂದು ಅರ್ಧ ಊಟ.

ಎರಡೂ ಬೇಡ. ದೊಡ್ಡ ಗಾಯವಾದಾಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಗಾಯ ಮಾಯಿಸಲು ಬಳಸುತ್ತದೆ. ದಪ್ಪ ಮೈಯವರಲ್ಲೂ ಹೀಗೆಯೇ. ಹೊಟ್ಟೆಯ ಕೊಬ್ಬು ಅಲ್ಲೇ ಇದ್ದು, ತೊಡೆ ತೋಳು ಸೊರಗಬಹುದು. ಮುಂದೆ ಎದ್ದು ನಿಲ್ಲಬೇಕಾದಾಗ ಭಾರ ಹಾಗೇ ಇರುತ್ತದೆ, ಅದನ್ನು ಎತ್ತುವ ಶಕ್ತಿ ಇರುವುದಿಲ್ಲ. ತೂಕ ಇಳಿಸುವ ಯೋಚನೆ ಮೂಳೆ ಕೂಡಿ, ನಡಿಗೆ ಬಂದ ಮೇಲೆ.

ಮೊದಲು ತೂಗಿ

ನಿಲ್ಲಲಾಗದವರನ್ನು ತೂಗುವುದು ಹೇಗೆಂದು ಗೊತ್ತಿಲ್ಲದೆ ಹೆಚ್ಚಿನ ಮನೆಗಳಲ್ಲಿ ಈ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಅಡಿಕೆ ಬೆಳೆಗಾರರ ಮನೆಯಲ್ಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಇರುತ್ತದೆ, ಅದೇ ಸಾಕು. ತಕ್ಕಡಿಯ ಮೇಲೆ ಬರೆದ ಗರಿಷ್ಠ ಭಾರ ನೋಡಿಕೊಳ್ಳಿ. ಹಲಗೆ, ಕುರ್ಚಿ, ಮನುಷ್ಯ ಎಲ್ಲ ಸೇರಿ ಅದರೊಳಗೆ ಬರಬೇಕು. ಬಾತ್‌ರೂಮಿನ ಚಿಕ್ಕ ತಕ್ಕಡಿಯ ಮೇಲೆ ಕುರ್ಚಿ ಇಡುವ ಸಾಹಸ ಬೇಡವೇ ಬೇಡ, ಅದು ಮಗುಚುತ್ತದೆ.

ತಕ್ಕಡಿಯ ಮೇಲೆ ಗಟ್ಟಿಯಾದ ಉದ್ದ ಹಲಗೆ ಹಾಕಿ. ಅದರ ಮೇಲೆ ಕೈಯಿರುವ ಕುರ್ಚಿ, ಕುರ್ಚಿಯ ಮುಂದೆ ಕಾಲು ಚಾಚಿಡಲು ಸ್ಟೂಲ್. ಹಲಗೆ ಗೋಡೆಗಾಗಲಿ ನೆಲಕ್ಕಾಗಲಿ ತಾಗಬಾರದು. ಈಗ ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿಕೊಳ್ಳಿ. ಇಬ್ಬರು ಸೇರಿ ರೋಗಿಯನ್ನು ಕೂರಿಸಿ, ಮೂರನೆಯವರು ಹಲಗೆ ಅಲುಗದಂತೆ ಹಿಡಿದಿರಲಿ. ಅಂಕಿ ಓದುವ ಕ್ಷಣದಲ್ಲಿ ಮಾತ್ರ ಎಲ್ಲರ ಕೈಯೂ ಹೊರಗೆ.

ಎಡವುವುದು ಆ ಸ್ಟೂಲಿನಲ್ಲಿ. ಸ್ಟೂಲನ್ನು ಹಲಗೆಯ ಹೊರಗೆ ನೆಲದ ಮೇಲೆ ಇಟ್ಟರೆ, ಇಲ್ಲವೇ ನೋವಾಗದಿರಲಿ ಎಂದು ಯಾರೋ ಕಾಲನ್ನು ಹಿಡಿದುಕೊಂಡರೆ ಲೆಕ್ಕವೆಲ್ಲ ಹಾಳು. ಒಂದು ಇಡೀ ಕಾಲೆಂದರೆ ದೇಹದ ತೂಕದ ಶೇ. 16ರಷ್ಟು. 60 ಕಿಲೋದ ಮನುಷ್ಯನಲ್ಲಿ ಸುಮಾರು ಒಂಬತ್ತೂವರೆ ಕಿಲೋ. ಅದರಲ್ಲಿ ಅರ್ಧ ಭಾರ ಹೊರಗೆ ಬಿದ್ದರೂ ಇಲ್ಲದ ಇಳಿಕೆ ಕಾಣಿಸುತ್ತದೆ. ಮರುವಾರ ಕಾಲು ಸ್ಟೂಲಿನ ಮೇಲೆ ಸರಿಯಾಗಿ ಕುಳಿತರೆ ‘ತೂಕ ಏರಿತು’ ಎಂದು ಸುಳ್ಳು ಸಮಾಧಾನ.

ವಾರಕ್ಕೊಮ್ಮೆ ತೂಗಿದರೆ ಸಾಕು. ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ದಪ್ಪದ ಬಟ್ಟೆಯಲ್ಲಿ. ಕ್ಯಾತಿಟರ್ (ಮೂತ್ರದ ನಳಿಕೆ) ಚೀಲವಿದ್ದರೆ ಖಾಲಿ ಮಾಡಿ. ಪ್ಲಾಸ್ಟರ್ ಬದಲಾಯಿಸಿದ ದಿನ ‘ಪ್ಲಾಸ್ಟರ್ ಹೊಸದು’ ಎಂದು ಬರೆದು ಅಲ್ಲಿಂದ ಹೊಸ ಲೆಕ್ಕ ಶುರು ಮಾಡಿ. ಬೆನ್ನುಮೂಳೆ ಅಥವಾ ಸೊಂಟದ ಮೂಳೆ ಮುರಿದಿದ್ದರೆ, ಕೂರಬಹುದೆಂದು ಡಾಕ್ಟರು ಹೇಳುವವರೆಗೆ ಇದಾವುದೂ ಬೇಡ.

ಅಂಕಿಯನ್ನು ಓದುವುದೂ ಒಂದು ಕೆಲಸ. ಆಸ್ಪತ್ರೆಯಲ್ಲಿ ಸಲೈನ್ ಹೋಗಿ ಮೈ ಊದಿಕೊಂಡಿರುತ್ತದೆ. ಮನೆಗೆ ಬಂದ ಮೊದಲ ದಿನಗಳಲ್ಲಿ ಕೆಲವು ಕಿಲೋ ಇಳಿದರೆ ಅದು ನೀರು. ಬಾವು ಇಳಿದ ಮೇಲಿನ ತೂಕವೇ ಮೊದಲ ತೂಕ. ಅಲ್ಲಿಂದ ಒಂದು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಇಳಿದರೆ, ಅಂದರೆ 60 ಕಿಲೋದವರು 57ಕ್ಕಿಂತ ಕೆಳಗೆ ಬಂದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ಡಾಕ್ಟರಿಗೆ ತಿಳಿಸಿ.

ಬಾವಿನ ಮೋಸ ಹಿಡಿಯಲು ದರ್ಜಿಯ ಟೇಪು ಒಳ್ಳೆಯ ಸಾಧನ. ಮೊಣಕೈ ಮಡಚಿಸಿ ಭುಜದ ಮೂಳೆಯ ತುದಿಗೂ ಮೊಣಕೈ ತುದಿಗೂ ನಟ್ಟನಡುವಿನ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಕೈಯನ್ನು ಸಡಿಲವಾಗಿ ಇಳಿಬಿಡಿಸಿ ಅಲ್ಲಿ ಸುತ್ತಳತೆ ತೆಗೆಯಿರಿ, ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ದೊಡ್ಡವರಲ್ಲಿ 23.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಮೈ ಸೊರಗಿದೆ ಎಂದೇ ತಿಳಿಯಿರಿ. ತಕ್ಕಡಿ ಏರುತ್ತಿದ್ದು ತೋಳು ಇಳಿಯುತ್ತಿದ್ದರೆ ಏರುತ್ತಿರುವುದು ನೀರು.

ಊಟ

ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 72ರಿಂದ 90 ಗ್ರಾಂ. ತುಂಬ ದಪ್ಪ ಇರುವವರಿಗೆ ಇದ್ದ ತೂಕ ಹಿಡಿಯಬೇಡಿ. ಎತ್ತರದ ಸೆಂ.ಮೀ.ನಲ್ಲಿ 100 ಕಳೆಯಿರಿ, 165 ಸೆಂ.ಮೀ. ಇದ್ದರೆ 65 ಕಿಲೋ ಎಂದು ಲೆಕ್ಕ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಒಂದು ಬಟ್ಟಲು ಗಂಜಿಯಲ್ಲಿ ಸಿಗುವುದು ಹೆಚ್ಚೆಂದರೆ 4 ಗ್ರಾಂ. ತಂಬುಳಿ, ತೆಳು ಮಜ್ಜಿಗೆಗಳಲ್ಲಿ ಅಷ್ಟೂ ಇಲ್ಲ. ಮೀನು ಮೊಟ್ಟೆ ತಿನ್ನದ ಮನೆಯಲ್ಲಿ ಹೀಗೆ ಹೊಂದಿಸಿ: ಹಾಲು ಮೊಸರು ಸೇರಿ ಅರ್ಧ ಲೀಟರ್ (16 ಗ್ರಾಂ), ಎರಡು ಬಟ್ಟಲು ಗಟ್ಟಿ ತೊವ್ವೆ (14), 50 ಗ್ರಾಂ ಹೆಸರುಕಾಳು ಅಥವಾ ಹುರುಳಿಯ ಉಸಲಿ (11), ಒಂದು ಹಿಡಿ ಶೇಂಗಾ (7), 30 ಗ್ರಾಂ ಸೋಯಾ ಚಂಕ್ಸ್ (15). ಅನ್ನ, ದೋಸೆಯದು ಸೇರಿದರೆ 75 ದಾಟುತ್ತದೆ. ಒಂದೇ ಊಟಕ್ಕೆ ತುಂಬಬೇಡಿ, ದಿನಕ್ಕೆ ಐದಾರು ಸಲ ಕೊಡಿ.

ಕರಾವಳಿಯಲ್ಲಿ ‘ಬಂಗಡೆ ನಂಜು, ಗಾಯ ಕೀವಾಗುತ್ತದೆ’ ಎಂದು ಮೀನು ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಹಿಂದೆ ಮೀನು ಒಗ್ಗಿದವರಿಗೆ ತಾಜಾ ಬಂಗಡೆ, ತಾರ್ಲೆಯಿಂದ (ಭೂತಾಯಿ ಮೀನು) ಗಾಯ ಕೀವಾಗುವುದಿಲ್ಲ. 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯದ ಕಾಲದಲ್ಲಿ ಒಣಮೀನಿಗೆ ಕೈ ಹಾಕುವ ಬದಲು ಮೊಟ್ಟೆ ಕೊಡಿ. ಒಣಮೀನಿನ ಉಪ್ಪು ಬಾವನ್ನು ಹೆಚ್ಚಿಸುತ್ತದೆ. ಒಂದು ಮೊಟ್ಟೆಗೆ 6 ಗ್ರಾಂ.

ರೋಗಿಯನ್ನು ನೋಡಲು ಬರುವವರು ತರುವ ಮಾಲ್ಟ್ ಪುಡಿ ಡಬ್ಬಿಗಳ ಲೇಬಲ್ ಓದಿ. ಹೆಚ್ಚಿನವುಗಳಲ್ಲಿ ಸಕ್ಕರೆಯೇ ಜಾಸ್ತಿ, ಎರಡು ಚಮಚದಲ್ಲಿ ಎರಡು ಮೂರು ಗ್ರಾಂ ಪ್ರೋಟೀನ್. ಗಾಯದ ಒತ್ತಡಕ್ಕೆ ಮೊದಲೇ ಏರಿರುವ ಶುಗರ್ ಇನ್ನೂ ಏರುತ್ತದೆ. ಆ ದುಡ್ಡಿಗೆ ಮೊಟ್ಟೆ, ಹಾಲು ಬರುತ್ತದೆ.

ಐದಾರು ದಿನ ಏನೂ ತಿನ್ನದೆ ಬಂದವರಿಗೆ ಒಮ್ಮೆಲೇ ಹೊಟ್ಟೆ ತುಂಬಿಸಬೇಡಿ. ರಕ್ತದ ಲವಣಾಂಶ ಏರುಪೇರಾಗಿ ಹೃದಯಕ್ಕೆ ಅಪಾಯ. ಅರ್ಧ ಪ್ರಮಾಣದಿಂದ ಶುರು ಮಾಡಿ, ಡಾಕ್ಟರ ಸಲಹೆಯಂತೆ ಏರಿಸುತ್ತ ಹೋಗಿ.

ಹಾಸಿಗೆ

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಸಪೂರ ಇದ್ದವರಿಗೆ ಬಾಲಮೂಳೆ, ಹಿಮ್ಮಡಿಗಳಲ್ಲಿ ಹುಣ್ಣು ಏಳುತ್ತದೆ. ದಪ್ಪ ಇದ್ದವರಿಗೆ ಜೊತೆಗೆ ಮಳೆಗಾಲದ ಸೆಕೆಯಲ್ಲಿ ಹೊಟ್ಟೆ, ತೊಡೆಯ ಮಡಿಕೆಗಳೂ ಕೊಳೆಯುತ್ತವೆ, ಒರೆಸಿ ಒಣಗಿಸಬೇಕು. ರಬ್ಬರ್ ರಿಂಗ್, ಬಟ್ಟೆಯ ಸಿಂಬೆ ಎರಡೂ ಬೇಡ, ಸುತ್ತಲಿನ ರಕ್ತ ಓಡಾಟ ತಡೆಯುತ್ತವೆ. ಬೆರಳೊತ್ತಿ ಬಿಟ್ಟರೂ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನೂ ತಿಕ್ಕಬಾರದು. ರಕ್ತ ಹೆಪ್ಪುಗಟ್ಟಿರಬಹುದು, ತೂಕ ಹೆಚ್ಚಿದ್ದವರಲ್ಲಿ ಈ ಭಯ ಹೆಚ್ಚು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ.

ಕಾಲೂರುವಾಗ

‘15 ಕಿಲೋ ಭಾರ ಮಾತ್ರ ಹಾಕಿ’ ಎಂದು ಡಾಕ್ಟರು ಹೇಳಿದರೆ ಅದನ್ನು ಅಂದಾಜಿನಲ್ಲಿ ಮಾಡಲಾಗದು. ಬಾತ್‌ರೂಮ್ ತಕ್ಕಡಿ ಈಗ ಕೆಲಸಕ್ಕೆ ಬರುತ್ತದೆ. ಗಾಯದ ಕಾಲಿನ ಕೆಳಗೆ ತಕ್ಕಡಿ, ಒಳ್ಳೆಯ ಕಾಲಿನ ಕೆಳಗೆ ಅಷ್ಟೇ ಎತ್ತರದ ಮಣೆ. ವಾಕರ್ ಹಿಡಿದು ನಿಂತು, ಮುಳ್ಳು 15 ತೋರಿಸುವವರೆಗೆ ಮೆಲ್ಲಗೆ ಒತ್ತಿ, ಬಿಡಬೇಕು. ಹತ್ತು ಸಲ ನೋಡಿಕೊಂಡು, ಮತ್ತೆ ಹತ್ತು ಸಲ ಮುಳ್ಳು ನೋಡದೆ. ಬೆಳಿಗ್ಗೆ, ಸಂಜೆ. 90 ಕಿಲೋದವರು ಕೈಯ ಹಿಡಿತ ಸ್ವಲ್ಪ ಸಡಿಲ ಬಿಟ್ಟರೂ ಮುಳ್ಳು 40 ದಾಟುತ್ತದೆ, ಅವರಿಗೆ ಈ ಅಭ್ಯಾಸ ಇನ್ನಷ್ಟು ದಿನ ಬೇಕು. ವಾಕರ್ ಕೊಳ್ಳುವಾಗಲೂ ಅದು ಎಷ್ಟು ಕಿಲೋ ತಡೆಯುತ್ತದೆ ಎಂದು ಕೇಳಿಯೇ ಕೊಳ್ಳಿ.

ಮುಂದೆ ಒಂದೇ ಕೋಲಿಗೆ ಬಂದಾಗ ಕೋಲು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಬೇಕು. ಒಂದೇ ಕಾಲಿನ ಮೇಲೆ ನಿಂತಾಗ ಸೊಂಟದ ಕೀಲಿನ ಮೇಲೆ ಬೀಳುವುದು ದೇಹದ ತೂಕದ ಸುಮಾರು ಎರಡೂವರೆ ಪಟ್ಟು. ಗಾಯದ ಕಡೆಯ ಕೈಯಲ್ಲಿ ಕೋಲು ಹಿಡಿದರೆ ಆ ಭಾರ ಸರಿಯಾಗಿ ಇಳಿಯುವುದಿಲ್ಲ.