ಯೂರಿನ್ ಕಲ್ಚರ್: ಬಾಟಲಿಯಿಂದ ರಿಪೋರ್ಟಿನವರೆಗೆ ನಾನು ಮಾಡುವ ಕ್ರಮ

ಯೂರಿನ್ ಕಲ್ಚರ್ ಎಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ, ಸೋಂಕಿದೆಯೇ ಎಂದು ನೋಡುವ ಪರೀಕ್ಷೆ. ಬಾಟಲಿ ಕೈಗೆ ಕೊಡುವ ಮುಂಚೆ ಎರಡು ವಿಷಯ ಕೇಳುತ್ತೇನೆ: ಆಂಟಿಬಯಾಟಿಕ್ ಮಾತ್ರೆ ಆಗಲೇ ಶುರುವಾಗಿದೆಯೇ? ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿರಿ? ಉರಿಮೂತ್ರ ಬಂದರೆ ‘ಉಷ್ಣ ಆಗಿದೆ’ ಅಂತ ಎಳನೀರು, ಬಾರ್ಲಿ ನೀರು ಕುಡಿದುಕೊಂಡೇ ಲ್ಯಾಬಿಗೆ ಬರುವವರು ಬಹಳ. ಕುಡಿಯುವುದು ತಪ್ಪಲ್ಲ, ಆದರೆ ಮೂತ್ರ ನೀರಾದಷ್ಟೂ ಬ್ಯಾಕ್ಟೀರಿಯಾ ಎಣಿಕೆ ಇಳಿಯುತ್ತದೆ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಅದಾಗದಿದ್ದರೆ ಮೂತ್ರಕೋಶದಲ್ಲಿ ನಾಲ್ಕು ಗಂಟೆಯಾದರೂ ನಿಂತದ್ದು ಬೇಕು.

ಹಿಡಿಯುವ ರೀತಿಯನ್ನು ಬಾಯಿಬಿಟ್ಟು ಹೇಳಲೇಬೇಕು. ಸಂಕೋಚಪಟ್ಟು ‘ಇದರಲ್ಲಿ ಹಿಡಿದು ತನ್ನಿ’ ಎಂದಷ್ಟೇ ಹೇಳಿ ಕಳಿಸಿದರೆ ಕಲ್ಚರ್ ಅಲ್ಲೇ ಕೆಟ್ಟಿತು. ಹೆಂಗಸರಿಗೆ ನಾನು ಹೇಳುವುದು ಹೀಗೆ: ‘ಕೈ ಸೋಪು ಹಾಕಿ ತೊಳೀರಮ್ಮ. ಆ ಜಾಗವನ್ನು ಮುಂದಿನಿಂದ ಹಿಂದಕ್ಕೆ ಬರೀ ನೀರಿನಲ್ಲಿ ತೊಳೆದು, ಬಿಡಿಸಿ ಹಿಡ್ಕೊಂಡು, ಮೊದಲು ಬಂದದ್ದನ್ನು ಹೋಗಲು ಬಿಡಿ. ನಡುವಿನದನ್ನು ಮಾತ್ರ ಬಾಟಲಿಗೆ ಹಿಡೀರಿ.’ 10ರಿಂದ 20 ಮಿಲಿ ಸಾಕು. ಡೆಟಾಲ್‌ನಂಥದ್ದು ಬೇಡ, ಅದು ಬಾಟಲಿಗೆ ಸೇರಿದರೆ ಇದ್ದ ಬ್ಯಾಕ್ಟೀರಿಯಾವೂ ಸಾಯುತ್ತದೆ. ಮನೆಯಲ್ಲಿ ತೊಳೆದು ತಂದ ಟಾನಿಕ್ ಬಾಟಲಿಯನ್ನು ವಾಪಸು ಕೊಟ್ಟು ಸ್ಟೆರೈಲ್ ಬಾಟಲಿ ಕೊಡುತ್ತೇನೆ.

ಇನ್ನು ಸಮಯ. ಮೈಬಿಸಿಯಷ್ಟು ಬೆಚ್ಚಗಿರುವ ಮೂತ್ರದಲ್ಲಿ ಇ. ಕೋಲೈ (ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಬ್ಯಾಕ್ಟೀರಿಯಾ) ಸುಮಾರು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಏಳು ಸಲ ಇಮ್ಮಡಿಯಾದರೆ ಮಿಲಿಗೆ 1,000 ಇದ್ದದ್ದು 1,28,000. ಹಳ್ಳಿಯಿಂದ ಬೇಸಿಗೆಯ ಬಸ್ಸಿನಲ್ಲಿ ಬಂದ ಬಾಟಲಿಯೊಳಗೆ, ಚರ್ಮದಿಂದ ಸೇರಿದ ನಾಲ್ಕು ಬ್ಯಾಕ್ಟೀರಿಯಾವೂ ಸೋಂಕಿನ ವೇಷ ಹಾಕುತ್ತವೆ. ಅದಕ್ಕೇ ಎರಡು ಗಂಟೆಯೊಳಗೆ ಮೂತ್ರವನ್ನು ಪ್ಲೇಟಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ, ಹಾಕಬೇಕು. ಆಗದಿದ್ದರೆ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ 24 ಗಂಟೆವರೆಗೆ ಇಡಬಹುದು. ಬ್ಯಾಕ್ಟೀರಿಯಾ ಹೆಚ್ಚದಂತೆ ತಡೆಯುವ ಬೋರಿಕ್ ಆಸಿಡ್ ಹಾಕಿದ ಬಾಟಲಿಯಾದರೆ ಗೆರೆವರೆಗೆ ತುಂಬಿಸಲೇಬೇಕು. ಅರ್ಧಕ್ಕೇ ನಿಲ್ಲಿಸಿದರೆ ಆಸಿಡ್ ಗಾಢವಾಗಿ ಬ್ಯಾಕ್ಟೀರಿಯಾವನ್ನೇ ಕೊಲ್ಲಬಹುದು.

ಪ್ಲೇಟಿಗೆ ಹಾಕುವ ಮೊದಲು ಮೂತ್ರವನ್ನು ಮೆಲ್ಲಗೆ ಅಲುಗಿಸುತ್ತೇನೆ, ತಳದಲ್ಲಿ ಕೂತದ್ದು ಬೆರೆಯಲಿ ಅಂತ. 1 ಮೈಕ್ರೋಲೀಟರ್ (ಮಿಲಿಯ ಸಾವಿರದಲ್ಲೊಂದು ಪಾಲು) ಹಿಡಿಯುವ ಲೂಪನ್ನು, ಅಂದರೆ ತುದಿಯಲ್ಲಿ ಬಳೆಯಿರುವ ತಂತಿಯನ್ನು, ಕೆಂಪಗೆ ಕಾಯಿಸಿ, ಆರಲು ಬಿಟ್ಟು, ನೆಟ್ಟಗೆ ಹಿಡಿದು ಮೇಲ್ಮೈಗಿಂತ ಸ್ವಲ್ಪವೇ ಕೆಳಗೆ ಅದ್ದುತ್ತೇನೆ. ಓರೆ ಹಿಡಿದರೂ ಆಳಕ್ಕೆ ಇಳಿಸಿದರೂ ತಂತಿಗೆ ಹೆಚ್ಚು ಮೂತ್ರ ಅಂಟಿ ಲೆಕ್ಕ ಏರುತ್ತದೆ. ಪ್ಲೇಟಿನಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ಜೆಲ್ಲಿಗಳಲ್ಲಿ ಸಿ.ಎಲ್.ಇ.ಡಿ. ಅಗಾರ್ ನನ್ನ ಆಯ್ಕೆ: ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಅದರ ಮೇಲೆ ಹರಡಿಕೊಳ್ಳುವುದಿಲ್ಲ, ಲ್ಯಾಕ್ಟೋಸ್ ಸಕ್ಕರೆ ತಿನ್ನುವ ಇ. ಕೋಲೈ ಹಳದಿಯಾಗಿ ಎದ್ದು ಕಾಣುತ್ತದೆ. 35ರಿಂದ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ.

ಪ್ಲೇಟಿನ ಮೇಲೆ ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾದ ಒಂದೊಂದು ಚುಕ್ಕೆಯೇ ಕಾಲೊನಿ. ಈ ಲೂಪಿನಲ್ಲಿ ಒಂದು ಕಾಲೊನಿ ಎಂದರೆ ಮಿಲಿಗೆ 1,000; ನೂರು ಕಾಲೊನಿ ಎಂದರೆ ಲಕ್ಷ. ಲಕ್ಷ ದಾಟಿದರೆ ಸೋಂಕು ಎನ್ನುವ ಈ ಗೆರೆ 1950ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಕ್ಯಾಸ್ ಅವರ ಕೆಲಸದಿಂದ ಬಂದದ್ದು. ಅದನ್ನು ಕಣ್ಣುಮುಚ್ಚಿ ಅನ್ವಯಿಸಬಾರದು. ಉರಿ, ಪದೇಪದೇ ಮೂತ್ರ, ಕೀವುಕಣ ಎಲ್ಲ ಇರುವ ಹೆಂಗಸಿನಲ್ಲಿ ಮಿಲಿಗೆ ನೂರೇ ಇ. ಕೋಲೈ ಇದ್ದರೂ ಅದು ಸೋಂಕಿರಬಹುದು. ಅಷ್ಟು ಕಡಿಮೆಯದು 1 ಮೈಕ್ರೋಲೀಟರ್ ಲೂಪಿಗೆ ಸಿಗುವುದಿಲ್ಲ. ಡಾಕ್ಟರು ಲಕ್ಷಣ ಬರೆದು ಕಳಿಸಿದ್ದರೆ 10 ಮೈಕ್ರೋಲೀಟರ್ ಲೂಪ್ ಬಳಸುತ್ತೇನೆ. ಮೂರು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದರೆ ಸೆನ್ಸಿಟಿವಿಟಿ (ಯಾವ ಆಂಟಿಬಯಾಟಿಕ್ ನಾಟುತ್ತದೆ ಎಂಬ ಪರೀಕ್ಷೆ) ಹಾಕುವುದಿಲ್ಲ, ‘ಕಲಬೆರಕೆ, ಮತ್ತೆ ಮಾದರಿ ಕಳಿಸಿ’ ಎಂದು ಬರೆಯುತ್ತೇನೆ. ರಿಪೋರ್ಟಿನಲ್ಲಿ ಔಷಧದ ಹೆಸರುಗಳ ಪಟ್ಟಿ ಕೊಟ್ಟರೆ ಯಾರಾದರೂ ಅದನ್ನು ನೋಡಿ ರೋಗಿಗೆ ಔಷಧ ಬರೆದೇ ಬರೆಯುತ್ತಾರೆ.

ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಡಿಪ್‌ಸ್ಟಿಕ್‌ ಪಟ್ಟಿಯಲ್ಲಿ ನೈಟ್ರೈಟ್ (ಕೆಲವು ಬ್ಯಾಕ್ಟೀರಿಯಾ ಮೂತ್ರದಲ್ಲಿ ಮಾಡುವ ವಸ್ತು) ಇಲ್ಲ ಎಂದು ಸೋಂಕನ್ನು ತಳ್ಳಿಹಾಕುವಂತಿಲ್ಲ. ಎಂಟರೊಕಾಕಸ್‌ನಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದಿಲ್ಲ. ಸೆನ್ಸಿಟಿವಿಟಿಯಲ್ಲಿ ಇನ್ನೊಂದು ಎಚ್ಚರ: ಪ್ರೋಟಿಯಸ್‌ಗೆ ನೈಟ್ರೋಫ್ಯುರಾಂಟಾಯಿನ್ ಎಂಬ ಆಂಟಿಬಯಾಟಿಕ್ ಹುಟ್ಟಿನಿಂದಲೇ ನಾಟುವುದಿಲ್ಲ, ಪ್ಲೇಟಿನ ಮೇಲಿಡುವ ಔಷಧದ ಬಿಲ್ಲೆ (ಡಿಸ್ಕ್) ಏನೇ ತೋರಿಸಲಿ. ಆ ಮಾತ್ರೆ ಮೂತ್ರಕೋಶದ ಸೋಂಕಿಗೆ ಸರಿ. ಜ್ವರ, ಚಳಿ, ಪಕ್ಕೆನೋವು ಇದ್ದು ಕಿಡ್ನಿಗೆ ಏರಿದ್ದರೆ ಸಾಲದು.

ಕ್ಯಾತಿಟರ್ (ಮೂತ್ರ ಹೊರಬರಲು ಹಾಕಿದ ಕೊಳವೆ) ಇರುವವರ ಬ್ಯಾಗಿನಿಂದ ಬಸಿದು ತಂದ ಮೂತ್ರವನ್ನು ನಾನು ತೆಗೆದುಕೊಳ್ಳುವುದಿಲ್ಲ. ಕೊಳವೆಯಲ್ಲಿ ಮಾದರಿ ತೆಗೆಯಲೆಂದೇ ಇರುವ ಸ್ಯಾಂಪಲ್ ಪೋರ್ಟಿನ ಕೆಳಗೆ ಹತ್ತು ಹದಿನೈದು ನಿಮಿಷ ಕ್ಲಾಂಪ್ ಹಾಕಿ, ಪೋರ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಸಿರಿಂಜಿನಲ್ಲಿ ಎಳೆಯಬೇಕು. ಎಷ್ಟೋ ದಿನದ ಕ್ಯಾತಿಟರಾದರೆ ಹೊಸದು ಹಾಕಿದ ಮೇಲೆ ತೆಗೆದದ್ದೇ ನಂಬಿಕೆಗೆ ಯೋಗ್ಯ. ಹಳೆಯದರ ಒಳಗೋಡೆಗೆ ಬ್ಯಾಕ್ಟೀರಿಯಾದ ಪದರ ಕಟ್ಟಿರುತ್ತದೆ. ಅಂಥ ಅಜ್ಜನಿಗೆ ಜ್ವರವಿಲ್ಲ, ತೊಂದರೆ ಇಲ್ಲ, ಮೂತ್ರ ಮಾತ್ರ ನಾರುತ್ತದೆ ಎಂದಾದರೆ ಕಲ್ಚರ್ ಮಾಡಿಸುವುದೇ ಬೇಡ. ಲಕ್ಷ ಬೆಳೆದರೂ ಚಿಕಿತ್ಸೆ ಬೇಕಿಲ್ಲ, ಕೊಟ್ಟರೆ ಔಷಧಕ್ಕೆ ಬಗ್ಗದ ತಳಿ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ಲಕ್ಷಣವಿಲ್ಲದಿದ್ದರೂ ಚಿಕಿತ್ಸೆ ಬೇಕಾಗುವುದು ಮುಖ್ಯವಾಗಿ ಇಬ್ಬರಿಗೆ: ಮೂತ್ರನಾಳದಲ್ಲಿ ರಕ್ತ ಬರುವಂಥ ಶಸ್ತ್ರಚಿಕಿತ್ಸೆಗೆ ಹೋಗುವವರು, ಮತ್ತು ಬಸುರಿಯರು. ಬಸುರಿಯರಲ್ಲಿ ಸೋಂಕು ಕಿಡ್ನಿಗೆ ಏರುವ ಸಂಭವ ಹೆಚ್ಚು. ಅದಕ್ಕೇ ಮೊದಲ ತಪಾಸಣೆಯಲ್ಲೇ ಕಲ್ಚರ್, ಮಾತ್ರೆ ಮುಗಿದು ಒಂದೆರಡು ವಾರಕ್ಕೆ ಇನ್ನೊಂದು.