ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 104ರಿಂದ 92ಕ್ಕೆ ಇಳಿಸಿದ್ದು: ನನ್ನ ಅನುಭವ

300 ರೂಪಾಯಿಯ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ಮಾಡಿಸಿ ಅಂಕಿ ನೋಡಿಕೊಂಡು ಕುಡಿತ ಬಿಡ್ತೀನಿ ಅಂದಾಗ ನಗದವರೇ ಇಲ್ಲ. ಈಗ ಅವರೇ ರಿಪೋರ್ಟ್ ಹಿಡಿದುಕೊಂಡು ನನ್ನನ್ನು ಕೇಳಲು ಬರುತ್ತಾರೆ, ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ನಿಕೋಟಿನ್ ಗಮ್ಮು, ಏಲಕ್ಕಿ, ದೇವರ ಮೇಲೆ ಆಣೆ, ಎಲ್ಲ ನಿಮ್ಮ ಹಾಗೇ ನಾನೂ ನೋಡಿದ್ದೆ. ಅಯ್ಯಪ್ಪನ ಮಾಲೆ ಇರುವಷ್ಟು ದಿನ ಸರಿ, ಬೆಟ್ಟ ಇಳಿದು ಬಂದ ವಾರವೇ ಮತ್ತೆ ಕ್ವಾರ್ಟರ್. ಸಿಗರೇಟು ಸೇರಿ ತಿಂಗಳಿಗೆ 9–10 ಸಾವಿರ ಹೋಗುತ್ತಿತ್ತು. ಅದರ ಮುಂದೆ ಸಿಬಿಸಿ ಏನು ಲೆಕ್ಕ?

ಮೊದಲ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಹದಿನೇಳೂವರೆ ಹತ್ತಿರ. 'ಗಟ್ಟಿ ರಕ್ತ ಕಣೋ' ಅಂದರು ಗೆಳೆಯರು. ಗಟ್ಟಿಯೇನಲ್ಲ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ಒಂದಷ್ಟು ಹಿಮೋಗ್ಲೋಬಿನ್ ಹಿಡಿದು ಕೂತಿರುತ್ತೆ, ಆಮ್ಲಜನಕ ಸಾಲದೆ ದೇಹ ಇನ್ನಷ್ಟು ಕೆಂಪುಕಣ ಮಾಡುತ್ತೆ, ರಕ್ತ ಮಂದವಾಗುತ್ತೆ. ಬಿಳಿಕಣ 11 ಸಾವಿರ ದಾಟಿತ್ತು, ಅದೂ ಬೀಡಿ ಸಿಗರೇಟಿನವರಲ್ಲಿ ಮಾಮೂಲು. ಎಂಸಿವಿ 104ಕ್ಕೆ ಏರಿತ್ತು, ಪ್ಲೇಟ್‌ಲೆಟ್ 1.3 ಲಕ್ಷಕ್ಕೆ ಇಳಿದಿತ್ತು. ಇವೆರಡು ಎಣ್ಣೆಯ ಕೆಲಸ.

ಮೊದಲು ಸಿಗರೇಟು ಮಾತ್ರ ಬಿಟ್ಟು ನೋಡಿದೆ. ಹಿಮೋಗ್ಲೋಬಿನ್ ನಿಧಾನವಾಗಿ 15ರ ಆಸುಪಾಸಿಗೆ ಬಂತು, ಎಂಸಿವಿ ಅಲ್ಲಾಡಲಿಲ್ಲ. ಆಮೇಲೆ ಕುಡಿಯುತ್ತಲೇ ಫೋಲಿಕ್ ಆಸಿಡ್, ಬಿ12 ಮಾತ್ರೆ ನುಂಗಿದೆ, ಬೀಟ್‌ರೂಟ್ ಜ್ಯೂಸಿಗೂ ಸುಮಾರು ದುಡ್ಡು ಸುರಿದೆ. ಸುಮ್ನೆ ದಂಡ.

ಎಣ್ಣೆ ನಿಲ್ಲಿಸಿದ ಮೇಲೇ ಮಜಾ. ಎರಡು ವಾರಕ್ಕೆ ಪ್ಲೇಟ್‌ಲೆಟ್ 2 ಲಕ್ಷ ದಾಟಿತು. ಎಂಸಿವಿ ಮಾತ್ರ ಮೊದಲ ತಿಂಗಳು ಒಂದೆರಡು ಅಂಕಿ ಇಳಿದು ನಿಂತಿತು, 'ನೋಡಿದೆಯಾ, ನಿಂದೆಲ್ಲ ಸುಳ್ಳು' ಅಂದರು ಗೆಳೆಯರು. ಕೆಂಪುಕಣದ ಆಯಸ್ಸೇ ಸುಮಾರು 120 ದಿನ, ಹಳೇದು ಸಾಯಬೇಕು, ಹೊಸದು ಬರಬೇಕು ಅಲ್ವಾ? ನಾಲ್ಕನೇ ತಿಂಗಳ ಹೊತ್ತಿಗೆ 92. ಕುಡಿಯದವರಲ್ಲೂ ಥೈರಾಯ್ಡ್, ಬಿ12 ಕೊರತೆಯಿಂದ ಎಂಸಿವಿ ಏರಬಹುದು, ಅದನ್ನು ಡಾಕ್ಟರ್ ಹತ್ತಿರ ತೋರಿಸಿಕೊಳ್ಳಿ.

ಬೆಳಗ್ಗೆ ಎದ್ದ ಕೂಡಲೇ ಎಣ್ಣೆ ಬೇಕೇ ಬೇಕು ಅನ್ನುವವರು ನನ್ನ ಥರ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ್ ಮಾತ್ರೆ ಕೊಟ್ಟು ನಿಲ್ಲಿಸುತ್ತಾರೆ.

ರಿಪೋರ್ಟನ್ನು ಮನೆಯಲ್ಲಿ ಯಾರ ಕೈಗೆ ಕೊಡುತ್ತಿದ್ದೆ, ಸಂಜೆ ಏಳು ಗಂಟೆ ಹೇಗೆ ಕಳೆಯುತ್ತಿದ್ದೆ ಅನ್ನೋದು ನನ್ನ ಹತ್ತಿರವೇ ಇರಲಿ. ಒಂದೇ ಲ್ಯಾಬಿನಲ್ಲೇ ಮಾಡಿಸಿ, ಮಷೀನು ಬದಲಾದರೆ ಅಂಕಿಯೂ ಒಂಚೂರು ಆಚೀಚೆ ಆಗುತ್ತೆ.